ಅತ್ತದ್ದು ಯಾವ ಪುಟಕ್ಕೆ, ಸಿಟ್ಟು ಯಾರ ಮೇಲೆ?

ಪ್ರಶ್ನೆ: ನಾನು ಗಂಗಾವತಿಯವಳು, ಬಿ.ಎಡ್. ಓದುತ್ತಿದ್ದೇನೆ. ಎರಡು ವರ್ಷದಿಂದ ಇಂಗ್ಲಿಷಿನ ಫ್ಯಾಂಟಸಿ, ರೊಮ್ಯಾನ್ಸ್ ಸರಣಿಗಳ ಹುಚ್ಚು ಹಿಡಿದಿದೆ. ಈಗ ಐದು ಭಾಗದ ಒಂದು ಸರಣಿಯಲ್ಲಿ ಮೂರನೆಯ ಭಾಗದ ನಡುವೆ ಇದ್ದೇನೆ. ಮೊದಲನೆಯದನ್ನು ಅಳುತ್ತಾ ಮೂರು ರಾತ್ರಿಯಲ್ಲಿ ಮುಗಿಸಿದೆ. ಎರಡನೆಯದಕ್ಕೆ ಎರಡು ತಿಂಗಳು ಹಿಡಿಯಿತು (ಮಧ್ಯೆ ಪರೀಕ್ಷೆಯೂ ಇತ್ತು), ಬರೀ ಬೇಸರ. ಈಗ ನಾಯಕನನ್ನು ಕಂಡರೆ ಮೈ ಉರಿಯುತ್ತದೆ, ಆದರೂ ಪುಸ್ತಕ ಬಿಡಲು ಆಗುತ್ತಿಲ್ಲ. ಅನಿಸಿದ್ದನ್ನು ಬರೆದಿಡೋಣ ಎಂದರೆ 'ಚೆನ್ನಾಗಿದೆ', 'ಬೋರ್' ಬಿಟ್ಟು ಮೂರನೆಯ ಮಾತು ಹುಟ್ಟುವುದಿಲ್ಲ. ನಮ್ಮಕ್ಕ 'ಇವೆಲ್ಲ ಟೈಂಪಾಸ್, ಬರಿಯೂದೇನೈತಿ ಅದರಾಗ' ಅಂತಾಳೆ. ನನ್ನ ಅನಿಸಿಕೆಯನ್ನು ಬರೆದಿಡುವುದು ಹೇಗೆ? ಉಳಿದ ಭಾಗಗಳನ್ನು ಓದಲೇ, ಬಿಡಲೇ?

ಉತ್ತರ: ಮೊದಲು ನಿಮ್ಮಕ್ಕನಿಗೆ ಒಂದು ಮಾತು. ನಾವು ದಿನಾ ಬಳಸುವ 'ಕಾದಂಬರಿ' ಎಂಬ ಪದ ಒಬ್ಬ ನಾಯಕಿಯ ಹೆಸರು. ಏಳನೆಯ ಶತಮಾನದಲ್ಲಿ ಹರ್ಷವರ್ಧನನ ಆಸ್ಥಾನದಲ್ಲಿದ್ದ ಬಾಣಭಟ್ಟ ಸಂಸ್ಕೃತದಲ್ಲಿ ಬರೆದ ಗದ್ಯಕಥೆಯ ಗಂಧರ್ವ ಕನ್ಯೆ ಆಕೆ. ಆ ಕಥೆಯಲ್ಲಿ ಇರುವುದೇನು? ಶಾಪ, ಮರುಹುಟ್ಟು, ಕಥೆ ಹೇಳುವ ಗಿಳಿ, ಪ್ರಾಣ ಹೋದ ಪ್ರಿಯನ ದೇಹ ಕಾಯುತ್ತ ಕೂತ ಹುಡುಗಿ. ಸುಮಾರು ಸಾವಿರ ವರ್ಷದ ಹಿಂದೆ ನಾಗವರ್ಮ ಅದನ್ನು 'ಕರ್ಣಾಟಕ ಕಾದಂಬರಿ' ಎಂದು ಕನ್ನಡಕ್ಕೆ ತಂದ. ಇವತ್ತಿನ ಪುಸ್ತಕದಂಗಡಿಯವರ ಕೈಗೆ ಕೊಟ್ಟರೆ ಅವರು ಅದನ್ನು ನಿಮ್ಮ ಸರಣಿಯ ಪಕ್ಕದಲ್ಲೇ ಇಡುತ್ತಾರೆ. ಟೈಂಪಾಸ್ ಎಂದು ತಳ್ಳಿದರೆ ಆ ಇಡೀ ಪ್ರಕಾರಕ್ಕೆ ಹೆಸರು ಕೊಟ್ಟ ಪುಸ್ತಕವನ್ನೇ ತಳ್ಳಿದ ಹಾಗೆ.

ಇನ್ನು ನಿಮ್ಮ ಮಾತು. ಅಳು, ಬೇಸರ, ಸಿಟ್ಟು ಮೂರನ್ನೂ ಒಂದೇ ಉಸಿರಿನಲ್ಲಿ ಬರೆದಿದ್ದೀರಿ, ಆದರೆ ಮೂರೂ ಒಂದೇ ಕಡೆಯಿಂದ ಬಂದಂತೆ ಕಾಣುವುದಿಲ್ಲ. ಸರಣಿ ಓದುವವರ ಅನಿಸಿಕೆಗೆ ಮೂರು ಮೂಲ: ಪುಸ್ತಕದ ಬರವಣಿಗೆ, ಸರಣಿಯ ಕಟ್ಟಡ, ಓದುವವರ ಆ ಹೊತ್ತಿನ ಸ್ಥಿತಿ. ಯಾವುದು ಎಲ್ಲಿಂದ ಬಂತು ಎಂದು ಬೇರ್ಪಡಿಸದೆ ಬರೆಯಲು ಕೂತರೆ 'ಚೆನ್ನಾಗಿದೆ', 'ಬೋರ್' ಅಷ್ಟೇ ಉಳಿಯುತ್ತದೆ. ಬೇರ್ಪಡಿಸಬೇಕಾದರೆ ಓದುವಾಗಲೇ ಗುರುತು ಹಾಕಿಕೊಳ್ಳಬೇಕು. ಮುಗಿದ ಮೇಲೆ ನೆನಪು ಎಲ್ಲವನ್ನೂ ಕೊನೆಯ ಅಧ್ಯಾಯದ ಬಣ್ಣಕ್ಕೆ ತಿರುಗಿಸಿಬಿಡುತ್ತದೆ.

ಒಂದು 200 ಪುಟದ ನೋಟ್‌ಬುಕ್ ಸಾಕು. ಒಂದು ಭಾಗಕ್ಕೆ ಎದುರುಬದುರಿನ ಎರಡು ಜೋಡಿ ಪುಟ ಬಿಡಿ. ಎಡಗಡೆ ಪುಟ ಓದುವಾಗಿನದು, ಬಲಗಡೆಯದು ಮುಗಿಸಿದ ಮೇಲಿನದು. ಎಡಗಡೆ ಪ್ರತಿ ಅಧ್ಯಾಯಕ್ಕೆ ಒಂದೇ ಸಾಲು, ಹದಿನೈದು ಪದ ಮೀರದಂತೆ. ಆ ಸಾಲಿನಲ್ಲಿ ಮೂರು ಸಂಗತಿ ಇರಲಿ: ಯಾರು ಏನು ಮಾಡಿದರು, ನೀವು ಏನನ್ನು ನಿರೀಕ್ಷಿಸಿದ್ದಿರಿ, ಮೈಯಲ್ಲಿ ಏನಾಯಿತು. ಮೈಯಲ್ಲಿ ಎಂದದ್ದು ಬೇಕೆಂದೇ. 'ಮನಮುಟ್ಟಿತು' ಎನ್ನುವುದಕ್ಕಿಂತ 'ಗಂಟಲು ಕಟ್ಟಿತು', 'ಎದ್ದು ನೀರು ಕುಡಿದು ಬಂದೆ', 'ಎರಡು ಪುಟ ಹಾರಿಸಿದೆ' ಎಂಬುದು ಆಮೇಲೆ ಕೆಲಸಕ್ಕೆ ಬರುತ್ತದೆ. ಪುಟಸಂಖ್ಯೆಯ ಜತೆಗೆ ಅಧ್ಯಾಯದ ಸಂಖ್ಯೆಯನ್ನೂ ಹಾಕಿ. ಗ್ರಂಥಾಲಯದಿಂದ ತಂದ ಪ್ರತಿ, ಆಮೇಲೆ ಕೊಂಡ ಪ್ರತಿ, ಮೊಬೈಲಿನ ಪ್ರತಿ, ಮೂರರಲ್ಲೂ ಪುಟ ಬೇರೆ ಬೇರೆ ಬರುತ್ತದೆ. ಎಲ್ಲಿ ಓದು ನಿಲ್ಲಿಸಿದಿರಿ ಎಂಬ ಜಾಗಕ್ಕೆ ಒಂದು ಗೆರೆ, ಪಕ್ಕದಲ್ಲಿ ತಾರೀಖು. ಈ ಗೆರೆಗಳು ಸುಳ್ಳು ಹೇಳುವುದಿಲ್ಲ. 'ನನಗೆ ಇಷ್ಟವಾಯಿತು' ಎಂದು ನೀವು ಬರೆದ ಅಧ್ಯಾಯದಲ್ಲಿ ನಾಲ್ಕು ಗೆರೆ ಇದ್ದರೆ, ಇಷ್ಟವಾಗಿರಲಿಲ್ಲ ಎಂದು ತಿಳಿಯಿರಿ.

ಬಲಗಡೆಯ ಪುಟಕ್ಕೆ ಎರಡು ಸಲ ಬನ್ನಿ. ಮುಗಿಸಿದ ಮರುದಿನ ಒಮ್ಮೆ, ಒಂದು ವಾರದ ಮೇಲೆ ಒಮ್ಮೆ. ಎರಡನೆಯ ಸಲ ಪುಸ್ತಕವನ್ನೂ ಎಡಗಡೆಯ ಪುಟವನ್ನೂ ನೋಡದೆ ಬರೆಯಿರಿ. ವಾರ ಕಳೆದ ಮೇಲೂ ತಾನಾಗಿ ನೆನಪಿಗೆ ಬರುವ ದೃಶ್ಯ ಒಂದೆರಡೇ ಇರುತ್ತದೆ, ಅವು ಬಹಳ ಸಲ ನೀವು ಅತ್ತ ದೃಶ್ಯಗಳಾಗಿರುವುದಿಲ್ಲ.

ಬರೆಯುವುದು ಹೇಗೆ ಎಂಬುದಕ್ಕೆ ಒಂದು ಕಥೆಯನ್ನು ಈಗಲೇ ಕಟ್ಟಿಕೊಳ್ಳೋಣ. ಕೋಟೆಯ ಕಾವಲುಗಾರ ಒಬ್ಬ, ಶತ್ರುರಾಜ್ಯದ ವೈದ್ಯೆ ಒಬ್ಬಳು. ಅವಳ ಮಂತ್ರ ಫಲಿಸಬೇಕಾದರೆ ಪ್ರತಿ ಸಲವೂ ತನ್ನದೊಂದು ನೆನಪನ್ನು ಬಿಟ್ಟುಕೊಡಬೇಕು. ಗಾಯಗೊಂಡ ಕಾವಲುಗಾರನನ್ನು ಉಳಿಸಲು ಅವಳು ತಾಯಿಯ ನೆನಪನ್ನು ಕೊಡುತ್ತಾಳೆ. ಮೊದಲ ಯತ್ನದಲ್ಲಿ ನೀವು ಬರೆಯುವುದು: 'ತುಂಬ ಮನಕಲಕುವ ದೃಶ್ಯ.' ಇದನ್ನು ಯಾವ ಪುಸ್ತಕದ ಮೇಲಾದರೂ ಅಂಟಿಸಬಹುದು. ಎರಡನೆಯ ಯತ್ನ: 'ಅವಳು ತಾಯಿಯ ನೆನಪು ಕೊಟ್ಟು ಅವನನ್ನು ಉಳಿಸಿದಾಗ ಅತ್ತೆ.' ಪರವಾಗಿಲ್ಲ, ಆದರೆ ಆ ಜಾಗ ನಿಜವೇ? ಗುರುತು ತೆಗೆದು ನೋಡಿದರೆ ಹೀಗಿರಬಹುದು: 'ನೆನಪು ಕೊಟ್ಟಾಗ ಅಳು ಬರಲಿಲ್ಲ. ಮರುದಿನ ಅಡುಗೆಮನೆಯಿಂದ ಅವಳ ತಾಯಿ ಮಾಡುತ್ತಿದ್ದ ಸಾರಿನ ವಾಸನೆ ಬಂತು. ಇದ್ಯಾವ ಸಾರು, ಚೆಂದ ಇದೆ ಎಂದು ಅವಳು ಕೇಳಿದಳಲ್ಲ, ಅಲ್ಲಿ ಅತ್ತೆ.' ಈ ಮೂರನೆಯದು ವಿಮರ್ಶೆ. ತ್ಯಾಗ ಮಾಡಿದ ಕ್ಷಣಕ್ಕಿಂತ ಅದರ ನಷ್ಟ ಕಣ್ಣಿಗೆ ಬಿದ್ದ ಕ್ಷಣ ದೊಡ್ಡದು ಎಂಬ ಬರವಣಿಗೆಯ ಗುಟ್ಟನ್ನು ನೀವು ಆ ಸಾಲಿನಲ್ಲಿ ಹಿಡಿದಿದ್ದೀರಿ, ಒಂದೂ ದೊಡ್ಡ ಪದ ಬಳಸದೆ.

ಇನ್ನು ಎರಡನೆಯ ಭಾಗದ ಬೇಸರ. ಇದು ನಿಮ್ಮೊಬ್ಬರ ದೂರಲ್ಲ. ಮೊದಲ ಭಾಗ ಬರೆಯುವಾಗ ಮುಂದಿನದು ಅಚ್ಚಾಗುವುದೋ ಇಲ್ಲವೋ ಎಂಬ ಖಾತ್ರಿ ಬಹಳ ಲೇಖಕರಿಗೆ ಇರುವುದಿಲ್ಲ. ಹಾಗಾಗಿ ಅದಕ್ಕೊಂದು ಆದಿ, ಒಂದು ಅಂತ್ಯ, ತನ್ನದೇ ಆದ ತೃಪ್ತಿ ಇರುತ್ತದೆ. ಎರಡನೆಯದಕ್ಕೆ ಬಂದಾಗ ಹೊಸ ಲೋಕದ ಬೆರಗು ಖರ್ಚಾಗಿರುತ್ತದೆ, ಕೊನೆಯ ಯುದ್ಧ ಇನ್ನೂ ದೂರ. ಪಾತ್ರಗಳನ್ನು ಒಂದು ಊರಿಂದ ಇನ್ನೊಂದು ಊರಿಗೆ ಸಾಗಿಸುವುದರಲ್ಲೇ ಪುಟ ಸವೆಯುತ್ತದೆ. ಜತೆಗೆ ಪ್ರೇಮಿಗಳು ಮೊದಲ ಭಾಗದ ಕೊನೆಗೆ ಒಂದಾಗಿಬಿಟ್ಟಿದ್ದರೆ, ಅವರನ್ನು ಮತ್ತೆ ಅಗಲಿಸುವ ಕಷ್ಟವೂ ಲೇಖಕರ ತಲೆಗೆ.

ಕೆಲವು ಸಲ ಕಟ್ಟಡದ ತೊಂದರೆ ಅಚ್ಚಿನ ಮನೆಯಲ್ಲೇ ಹುಟ್ಟಿರುತ್ತದೆ. ಟೋಲ್ಕಿನ್ ಅವರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' 1954-55ರಲ್ಲಿ ಮೂರು ಸಂಪುಟವಾಗಿ ಬಂದರೂ ಬರೆದದ್ದು ಒಂದೇ ಕೃತಿಯಾಗಿ. ಅದರ ಎರಡನೆಯ ಸಂಪುಟಕ್ಕೆ ಸರಿಯಾದ ಆರಂಭವಿಲ್ಲ ಎಂದು ದೂರಿದರೆ, ರೊಟ್ಟಿಯ ನಡುವಿನ ತುಂಡಿಗೆ ಅಂಚಿಲ್ಲ ಎಂದು ದೂರಿದ ಹಾಗೆ. ಜಾರ್ಜ್ ಮಾರ್ಟಿನ್ ಅವರ 'ಎ ಸಾಂಗ್ ಆಫ್ ಐಸ್ ಅಂಡ್ ಫೈರ್' ಸರಣಿಯಲ್ಲಿ 2005ರ ನಾಲ್ಕನೆಯ ಭಾಗ ಓದಿದವರಿಗೆ ತಮ್ಮ ಮೆಚ್ಚಿನ ಹಲವು ಪಾತ್ರಗಳೇ ಕಾಣಲಿಲ್ಲ. ಉದ್ದವಾದ ಕಥೆಯನ್ನು ಅವರು ಕಾಲದ ಪ್ರಕಾರ ಕತ್ತರಿಸದೆ ಜಾಗ ಮತ್ತು ಪಾತ್ರಗಳ ಪ್ರಕಾರ ಕತ್ತರಿಸಿದ್ದರು. ಆ ಉಳಿದ ಪಾತ್ರಗಳು ಬಂದದ್ದು ಐದನೆಯ ಭಾಗದಲ್ಲಿ, 2011ಕ್ಕೆ. ಓದುಗರ ಬೇಸರಕ್ಕೆ ಅಲ್ಲಿ ಗದ್ಯಕ್ಕಿಂತ ಕತ್ತರಿ ಹೆಚ್ಚು ಕಾರಣ.

ನಮ್ಮಲ್ಲೂ ಇದರ ಒಂದು ಬಗೆ ಇದೆ. 'ಸುಧಾ', 'ತರಂಗ'ದಂಥ ವಾರಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿಯನ್ನು ಪುಸ್ತಕರೂಪದಲ್ಲಿ ಓದಿ ನೋಡಿ. ಕೆಲವೇ ಪುಟಗಳಿಗೊಮ್ಮೆ ಒಂದು ಎಳೆತ, ಒಂದು ಬಾಗಿಲು ಬಡಿದ ಸದ್ದು, ಒಂದು ಅರ್ಧ ತೆರೆದ ಕಾಗದ. ವಾರ ಕಾಯುವವರಿಗೆ ಅದು ಬೇಕಿತ್ತು. ಒಂದೇ ಪಟ್ಟಿಗೆ ಕೂತು ಓದುವವರಿಗೆ ಗುಂಡಿಬಿದ್ದ ರಸ್ತೆಯಲ್ಲಿ ಬಸ್ಸು ಕುಲುಕಿದಂತೆ.

ಆದರೆ ನಿಮ್ಮ ವಿಷಯದಲ್ಲಿ ಪರೀಕ್ಷೆಯನ್ನು ಮರೆಯುವ ಹಾಗಿಲ್ಲ. ಲೆಕ್ಕ ಹಾಕಿ: ಒಂದು ಭಾಗ 700 ಪುಟ ಎನ್ನಿ, ಪುಟಕ್ಕೆ ಸುಮಾರು 350 ಪದ, ಅಂದರೆ ಎರಡೂವರೆ ಲಕ್ಷದ ಹತ್ತಿರ. ಎರಡನೆಯ ಭಾಷೆಯಲ್ಲಿ ನಿಮಿಷಕ್ಕೆ 150 ಪದ ಓದುವವರಿಗೆ ಇದು 27 ಗಂಟೆಯ ಕೆಲಸ. ದಿನಕ್ಕೆ ಮುಕ್ಕಾಲು ಗಂಟೆ ಸಿಕ್ಕರೆ 36 ದಿನ. ನಡುವೆ ಎರಡು ವಾರ ಬಿಟ್ಟರೆ ಸಣ್ಣ ಪಾತ್ರಗಳ ಹೆಸರು ಅಳಿಸಿಹೋಗುತ್ತದೆ. ಯಾರು ಯಾರ ಚಿಕ್ಕಪ್ಪ ಎಂದೇ ತಿಳಿಯದೆ ಓದಿದರೆ ಎಂಥ ಒಳಸಂಚೂ ಸಪ್ಪೆ. ಹಾಗಾಗಿ ಎರಡನೆಯ ಭಾಗದ ಮೇಲೆ ತೀರ್ಪು ಕೊಡುವ ಮುನ್ನ ನಿಮ್ಮನ್ನು ಕಾಡಿದ ಒಂದು ಅಧ್ಯಾಯವನ್ನು ಬಿಡುವಿನ ದಿನ, ಒಂದೇ ಪಟ್ಟಿಗೆ ಕೂತು ಮತ್ತೆ ಓದಿ. ಆಗಲೂ ಬೇಸರ ಬಂದರೆ ಅದು ಪುಸ್ತಕದ್ದು. ಬರದಿದ್ದರೆ ಪರೀಕ್ಷೆಯದ್ದು.

ಹೆಸರುಗಳಿಗೊಂದು ಉಪಾಯ: ಗಟ್ಟಿ ಕಾಗದದ ಗುರುತುಪಟ್ಟಿಯ ಮೇಲೆ ಹತ್ತು ಹೆಸರು ಮಾತ್ರ, ಕನ್ನಡ ಅಕ್ಷರದಲ್ಲಿ, ಪಕ್ಕದಲ್ಲಿ ನಂಟು ಬರೆದಿಡಿ. ಕನ್ನಡದಲ್ಲಿ ಬರೆದಾಗ ಉಚ್ಚಾರ ನಿಲ್ಲುತ್ತದೆ, ಉಚ್ಚಾರ ನಿಂತರೆ ಹೆಸರು ನಿಲ್ಲುತ್ತದೆ. ಇಂಗ್ಲಿಷಿನ ಅಂಕಲ್‌ಗೆ ಚಿಕ್ಕಪ್ಪನೋ ಮಾವನೋ ಎಂದು ನೀವೇ ತೀರ್ಮಾನಿಸಬೇಕಾಗುವುದರಿಂದ ವಂಶಾವಳಿಯೂ ತಲೆಯಲ್ಲಿ ಕೂರುತ್ತದೆ. ಪುಸ್ತಕದ ಕೊನೆಯಲ್ಲಿರುವ ವಂಶವೃಕ್ಷವನ್ನು ಮಾತ್ರ ಮೊದಲೇ ನೋಡಬೇಡಿ, ಯಾರು ಸಾಯುತ್ತಾರೆ, ಯಾರು ಯಾರನ್ನು ಮದುವೆಯಾಗುತ್ತಾರೆ ಎಂಬುದನ್ನು ಅದು ಬಾಯಿಬಿಡುವುದುಂಟು. ನಕ್ಷೆಯ ಫೋಟೋ ಮೊಬೈಲಿನಲ್ಲಿರಲಿ.

ಈಗ ಮೈ ಉರಿಸುವ ನಾಯಕ. ಇಲ್ಲಿ ಸ್ವಲ್ಪ ನಿಧಾನಿಸಬೇಕು. ರೊಮ್ಯಾನ್ಸ್ ಪ್ರಕಾರ ಓದುಗರಿಗೆ ಒಂದು ಮಾತು ಕೊಟ್ಟಿರುತ್ತದೆ: ಕೊನೆಗೆ ಇಬ್ಬರೂ ಒಂದಾಗುತ್ತಾರೆ, ಇಲ್ಲವೇ ಒಂದಾಗುವ ಭರವಸೆ ಉಳಿಯುತ್ತದೆ. ಅಂತ್ಯ ಮೊದಲೇ ಗೊತ್ತು ಎಂದು ದೂರುವುದು ಬಯಲಾಟ ಮಂಗಳದಲ್ಲಿ ಮುಗಿಯಿತು ಎಂದು ದೂರಿದಂತೆ. ನೋಡಬೇಕಾದದ್ದು ಅವರು ಹೇಗೆ ಅಲ್ಲಿಗೆ ಬಂದರು ಎಂಬುದನ್ನು. ಬ್ರಿಡ್ಜರ್ಟನ್ ಕಾದಂಬರಿಗಳ ಹಾಗೆ ಎಂಟು ಅಣ್ಣತಮ್ಮ-ಅಕ್ಕತಂಗಿಯರಿಗೆ ಎಂಟು ಪುಸ್ತಕ ಎಂಬ ಬಗೆಯ ಸರಣಿಯಲ್ಲಿ ಪ್ರತಿ ಭಾಗಕ್ಕೂ ಹೊಸ ಜೋಡಿ, ಒಂದು ರುಚಿಸದಿದ್ದರೆ ಮುಂದಿನದಕ್ಕೆ ಹಾರಬಹುದು. ನಿಮ್ಮದು ಒಂದೇ ಜೋಡಿಯನ್ನು ಐದು ಭಾಗ ಎಳೆಯುವ ಬಗೆಯದು ಎಂದು ನಿಮ್ಮ ಮಾತಿನಿಂದ ತೋರುತ್ತದೆ. ಅಲ್ಲಿ ಲೇಖಕರು ಪ್ರತಿ ಭಾಗದಲ್ಲೂ ಹೊಸ ಜಗಳ ಹುಟ್ಟಿಸಬೇಕು. ಸಾಮಾನ್ಯವಾಗಿ ಪುಸ್ತಕದ ಮುಕ್ಕಾಲು ಭಾಗ ದಾಟುವ ಹೊತ್ತಿಗೆ ಒಂದು ದೊಡ್ಡ ಅಗಲಿಕೆ ಬರುತ್ತದೆ. ಆ ಜಗಳ ಹತ್ತು ನಿಮಿಷ ಕೂತು ಮಾತಾಡಿದ್ದರೆ ತೀರುತ್ತಿತ್ತೇ ಎಂದು ಕೇಳಿಕೊಳ್ಳಿ. ತೀರುತ್ತಿತ್ತು ಎಂದಾದರೆ ನಾಯಕ ಕೆಟ್ಟವನಲ್ಲ, ಅವನ ಬಾಯಿ ಕಟ್ಟಿದ್ದು ಲೇಖಕರು. ನಿಮ್ಮ ಸಿಟ್ಟು ಅವರಿಗೆ ಸಲ್ಲಬೇಕು.

ಜಗಳ ನಿಜವಾದದ್ದೇ ಆಗಿ, ಅವನು ಅವಳ ಪತ್ರ ಕದ್ದು ಓದುವುದು, ಕೋಣೆಯಲ್ಲಿ ಕೂಡಿಹಾಕುವುದು, 'ನಿನ್ನ ಒಳ್ಳೆಯದಕ್ಕೇ' ಎನ್ನುವುದು, ಇಂಥವು ನಡೆದಿದ್ದರೆ ಪ್ರಶ್ನೆ ಬೇರೆ: ಪುಸ್ತಕಕ್ಕೆ ಅದು ತಪ್ಪು ಎಂದು ಗೊತ್ತಿದೆಯೇ? ಗೊತ್ತಿರುವ ಪುಸ್ತಕದಲ್ಲಿ ಯಾರಾದರೂ ಒಬ್ಬರು, ಗೆಳತಿಯೋ ಅಡುಗೆಯವಳೋ, ಅವನಿಗೆ ಎದುರಾಡುತ್ತಾರೆ. ಅವನ ತಪ್ಪಿನ ಬೆಲೆಯನ್ನು ಅವನೇ ತೆರುತ್ತಾನೆ. ನಾಯಕಿಗೆ ಬಿಟ್ಟು ಹೋಗುವುದಕ್ಕೆ ಒಂದು ಜಾಗ, ಕೈಯಲ್ಲೊಂದು ಕೆಲಸ ಇರುತ್ತದೆ. ಉಳಿದರೆ ಉಳಿಯಬೇಕೆಂದು ಉಳಿಯುತ್ತಾಳೆ. ಗೊತ್ತಿಲ್ಲದ ಪುಸ್ತಕ ಅವನ ಕಣ್ಣಿನ ಬಣ್ಣ ವರ್ಣಿಸಿ ಮುಂದಕ್ಕೆ ಹೋಗುತ್ತದೆ. ಈ ಮೂರು ಗುರುತನ್ನು ಹುಡುಕಿ, ಅಧ್ಯಾಯದ ಸಂಖ್ಯೆ ಸಮೇತ ಬರೆಯಿರಿ. ಇಷ್ಟು ಮಾಡಿದ ಮೇಲೂ ಅವನು ಇಷ್ಟವಾಗುತ್ತಾನೆ ಎಂದರೆ ನಾಚಿಕೊಳ್ಳುವುದೇನಿಲ್ಲ. ಪುಸ್ತಕದೊಳಗಿನ ಹೊಟ್ಟೆಕಿಚ್ಚಿನ ಪ್ರಿಯಕರ ರುಚಿಸಿದ ಮಾತ್ರಕ್ಕೆ ಮನೆಗೂ ಅಂಥವನೇ ಬೇಕೆಂದಲ್ಲ. ಅಕ್ಕಂದಿರು ಇದನ್ನು ಒಪ್ಪುವುದು ಕಷ್ಟ, ಬಿಡಿ.

ಕನ್ನಡದವರಾಗಿ ನಿಮಗೊಂದು ಅಳತೆಗೋಲಿದೆ, ಇಂಗ್ಲಿಷ್ ಓದುಗರಿಗೆ ಇಲ್ಲದ್ದು. ಇಂದಿನ ಇಂಗ್ಲಿಷಿನಲ್ಲಿ ನೀನು, ನೀವು ಎರಡಕ್ಕೂ ಒಂದೇ ಪದ. ನಮ್ಮಲ್ಲಿ 'ನೀವು' ಎನ್ನುತ್ತಿದ್ದವನು 'ನೀನು' ಎಂದ ದಿನ ಒಂದು ಘಟನೆ. ಅವಳು ತಿರುಗಿ 'ನೀನು' ಎಂದಳೋ, 'ನೀವು' ಎಂದೇ ಉಳಿದಳೋ ಎಂಬುದು ಇನ್ನೊಂದು. ನಿಮ್ಮ ಸರಣಿಯ ಕಥೆಯನ್ನು ಗೆಳತಿಗೆ ಕನ್ನಡದಲ್ಲಿ ಹೇಳಲು ಕೂತುಕೊಳ್ಳಿ. ಯಾವ ಅಧ್ಯಾಯದಲ್ಲಿ ಅವರ ಮಾತು 'ನೀವು'ವಿನಿಂದ 'ನೀನು'ವಿಗೆ ಇಳಿಯಬೇಕು ಎಂದು ನಿಮ್ಮ ನಾಲಿಗೆಯೇ ತೀರ್ಮಾನಿಸುತ್ತದೆ. ಆ ಜಾಗದಲ್ಲಿ ಲೇಖಕರು ಏನಿಟ್ಟಿದ್ದಾರೆ ನೋಡಿ. ಬಿರುದು ಬಿಟ್ಟು ಹೆಸರು ಹಿಡಿದು ಕರೆದದ್ದೋ, ಕೈಗವಸು ತೆಗೆದದ್ದೋ, ಜಗಳದಲ್ಲಿ ಮೊದಲ ಸಲ ಬೈದದ್ದೋ. ಏನೂ ಇಲ್ಲ, ಆದರೂ ಇಬ್ಬರೂ ಹತ್ತಿರವಾಗಿಬಿಟ್ಟಿದ್ದಾರೆ ಎಂದರೆ ಪ್ರೇಮ ಅಲ್ಲಿ ಬೆಳೆದಿಲ್ಲ, ಘೋಷಣೆಯಾಗಿದೆ. ಹಾಗೆಯೇ ಮೂರನೆಯ ಭಾಗದಲ್ಲಿ ಅವನು ಅವಳನ್ನು 'ನೀನು' ಎನ್ನುವ ದನಿ ಪ್ರೀತಿಯದೋ, ಒಡೆಯನದೋ? ನಿಮ್ಮ ಉರಿಯ ಬೇರು ಅಲ್ಲೇ ಸಿಗಬಹುದು.

ಮಂತ್ರಮಾಯೆಯ ವಿಷಯ ಚುಟುಕಾಗಿ. ಬಳ್ಳಾರಿ ಜಿಲ್ಲೆಯ ದರೋಜಿಯ ಬುರ್ರಕಥಾ ಈರಮ್ಮ ಹಾಡುತ್ತಿದ್ದ ಬಾಲನಾಗಮ್ಮನ ಕಥೆಯನ್ನು ಮನೆಯ ಹಿರಿಯರಿಂದ ಕೇಳಿರಬಹುದು. ಮಂತ್ರವಾದಿಯ ಪ್ರಾಣ ದೂರದಲ್ಲೆಲ್ಲೋ ಒಂದು ಗಿಳಿಯಲ್ಲಿದೆ. ಈ ಕಟ್ಟಳೆ ಕೇಳುವವರಿಗೆ ತಿಳಿದಿರುವುದರಿಂದಲೇ ಗಿಳಿಯ ಕುತ್ತಿಗೆಗೆ ಕೈ ಬಿದ್ದಾಗ ಮೈ ಜುಮ್ಮೆನ್ನುವುದು. ಕೊನೆಯ ಗಳಿಗೆಯಲ್ಲಿ ಹೊಸದೊಂದು ಶಕ್ತಿ ಆಕಾಶದಿಂದ ಇಳಿದರೆ ಆ ಜುಮ್ಮು ಇಲ್ಲ. ಮಂತ್ರದ ನಿಯಮ ಓದುಗರಿಗೆ ಎಷ್ಟು ತಿಳಿದಿದೆಯೋ ಅಷ್ಟರ ಮಟ್ಟಿಗೇ ಅದರಿಂದ ಕಥೆಯ ಗಂಟು ಬಿಡಿಸಬಹುದು ಎಂದು ಫ್ಯಾಂಟಸಿ ಲೇಖಕ ಬ್ರ್ಯಾಂಡನ್ ಸ್ಯಾಂಡರ್ಸನ್ ಹೇಳುವುದೂ ಇದನ್ನೇ. ಮಂತ್ರಕ್ಕೆ ಬೆಲೆ ಏನು, ಯಾರು ತೆತ್ತರು ಎಂದು ಎಡಪುಟದ ಅಂಚಿನಲ್ಲಿ ಬರೆಯುತ್ತ ಹೋಗಿ. ನಾವು ಕಟ್ಟಿದ ಕಥೆಯ ವೈದ್ಯೆ ನಾಲ್ಕನೆಯ ಭಾಗದಲ್ಲಿ ನೆನಪು ಕೊಡದೆಯೇ ಗಾಯ ವಾಸಿಮಾಡಿದರೆ ನಿಮಗೆ ಮೋಸವಾದಂತೆ ಅನ್ನಿಸುತ್ತದೆ, ಆ ಅನಿಸಿಕೆಗೆ ಆಧಾರ ನಿಮ್ಮ ಅಂಚಿನಲ್ಲಿರುತ್ತದೆ.

ಮುಂದುವರಿಸಲೇ, ಬಿಡಲೇ? ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಹೇಳಿದ 50 ಪುಟದ ನಿಯಮ ಹೆಸರುವಾಸಿ: 50 ಪುಟ ಓದಿ, ಹಿಡಿಸದಿದ್ದರೆ ಬಿಡಿ. ಒಂಟಿ ಕಾದಂಬರಿಗೆ ಸರಿ. 700 ಪುಟದ ಫ್ಯಾಂಟಸಿಗೆ 50 ಎಂದರೆ ನೂರಕ್ಕೆ ಏಳು, ಇನ್ನೂ ಊರಬಾಗಿಲೂ ದಾಟಿರುವುದಿಲ್ಲ. ಮೊದಲ ಭಾಗಕ್ಕೆ 100 ಪುಟ ಕೊಡಿ. ನಡುವಿನ ಭಾಗದಲ್ಲಿ ಪುಟದ ಲೆಕ್ಕ ನಡೆಯುವುದಿಲ್ಲ. ಪುಸ್ತಕ ಮುಚ್ಚಿಟ್ಟು, ಈ ಸರಣಿಯಿಂದ ನಿಮಗೆ ಇನ್ನೂ ತಿಳಿಯಬೇಕಾದ ಮೂರು ಪ್ರಶ್ನೆ ಬರೆಯಿರಿ. ಮೂರೂ 'ಏನಾಗುತ್ತದೆ' ಎಂಬ ಜಾತಿಯವಾದರೆ (ಯಾರು ಗೆಲ್ಲುತ್ತಾರೆ, ಯಾರು ಸಾಯುತ್ತಾರೆ) ಓದಿ ಮುಗಿಸಿದವರ ಬಾಯಿಂದ ಕೇಳಿ ಕೈತೊಳೆದುಕೊಳ್ಳಿ, 50 ಗಂಟೆಗೂ ಹೆಚ್ಚು ಉಳಿಯುತ್ತದೆ. ಒಂದಾದರೂ 'ಅವಳು ಇದನ್ನು ಹೇಗೆ ತಾಳಿಕೊಳ್ಳುತ್ತಾಳೆ' ಎಂಬ ಜಾತಿಯದಾದರೆ ಓದಲೇಬೇಕು, ಅದನ್ನು ಬೇರೆಯವರು ಹೇಳಲಾರರು. ಪ್ರಶ್ನೆಯೇ ಹುಟ್ಟದಿದ್ದರೆ ನೀವು ಓದುತ್ತಿರುವುದು ಹಳೆಯ ಮೂರು ರಾತ್ರಿಗಳ ಋಣಕ್ಕೆ.

ಸರಣಿ ಮುಗಿದಿದೆಯೇ ಎಂಬುದನ್ನೂ ನೋಡಿಕೊಳ್ಳಿ. ರಾಬರ್ಟ್ ಜೋರ್ಡನ್ 1990ರಲ್ಲಿ ಶುರುಮಾಡಿದ 'ದಿ ವೀಲ್ ಆಫ್ ಟೈಮ್' ಮುಗಿಯುವ ಮುನ್ನ, 2007ರಲ್ಲಿ, ತೀರಿಕೊಂಡರು. ಅವರ ಟಿಪ್ಪಣಿಗಳನ್ನು ಹಿಡಿದು ಕೊನೆಯ ಮೂರು ಭಾಗ ಮುಗಿಸಿದವರು ಮೇಲೆ ಹೇಳಿದ ಸ್ಯಾಂಡರ್ಸನ್, 2013ಕ್ಕೆ. ಬಾಣಭಟ್ಟನದೂ ಇದೇ ಕಥೆ: ಕಾದಂಬರಿ ಅರ್ಧಕ್ಕೆ ನಿಂತಿತ್ತು, ಮಗ ಪೂರ್ತಿಮಾಡಿದ. ಕೈ ಬದಲಾದ ಜಾಗ ಗೊತ್ತಿದ್ದರೆ ಅಲ್ಲಿಂದ ಮುಂದೆ ಮಾತಿನ ಧಾಟಿ ಬದಲಾದುದಕ್ಕೆ ನಿಮ್ಮ ಕಿವಿಯನ್ನು ದೂರಬೇಕಾಗಿಲ್ಲ. ಗ್ರಂಥಾಲಯದಿಂದ ತರುವುದಾದರೆ ಎಲ್ಲ ಭಾಗಗಳೂ ಕಪಾಟಿನಲ್ಲಿವೆಯೇ ಎಂದು ಮೊದಲು ನೋಡಿ. ಒಂದನೆಯದೂ ಮೂರನೆಯದೂ ಇದ್ದು ಎರಡನೆಯದು ಯಾರ ಮನೆಯಲ್ಲೋ ಉಳಿದಿರುವುದು ಹೊಸದೇನಲ್ಲ.

ಈ ಬಗೆಯ ಓದನ್ನು ಕನ್ನಡದಲ್ಲೇ ಪಳಗಿಸಿಕೊಳ್ಳಬೇಕೆಂದರೆ ತ.ರಾ.ಸು. ಅವರ ಚಿತ್ರದುರ್ಗದ ಮೂರು ಕಾದಂಬರಿಗಳಿವೆ: 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ'. ಮಂತ್ರತಂತ್ರದ ಫ್ಯಾಂಟಸಿ ಅಲ್ಲ, ಚರಿತ್ರೆ. ಆದರೆ ಕೋಟೆ, ಒಳಸಂಚು, ಸೇಡು ಒಂದು ಭಾಗದಿಂದ ಇನ್ನೊಂದಕ್ಕೆ ಹೇಗೆ ಹರಿಯುತ್ತದೆ ಎಂಬುದನ್ನು ನೋಡಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ. ಭಾಷೆಯ ತಡೆ ಇಲ್ಲದ್ದರಿಂದ, ನಡುವಿನ ಭಾಗದಲ್ಲಿ ಬೇಸರ ಬಂದರೆ ಅದು ಇಂಗ್ಲಿಷಿನ ದಣಿವಲ್ಲ ಎಂಬುದೂ ಖಚಿತವಾಗುತ್ತದೆ.

ರಾತ್ರಿಯ ವಿಷಯ ನೀವು ಕೇಳಿಲ್ಲ, ಆದರೂ ಮೂರು ರಾತ್ರಿ ಎಂದಿದ್ದೀರಿ. ಅಧ್ಯಾಯದ ಕೊನೆಗೆ ನಿಲ್ಲಿಸುತ್ತೇನೆ ಎಂದುಕೊಂಡವರು ನಿಲ್ಲಿಸುವುದಿಲ್ಲ, ಅಧ್ಯಾಯದ ಕೊನೆಯನ್ನು ಬರೆದಿರುವುದೇ ನಿಲ್ಲಿಸಬಾರದೆಂದು. ಹೊಸ ಅಧ್ಯಾಯದ ಮೊದಲ ಎರಡು ಪುಟ ಓದಿ, ನೂಕು ಇಳಿದಾಗ ಅಲ್ಲಿ ಮುಚ್ಚಿ. ಸರಣಿ ಮುಗಿದ ಮೇಲೆ ಮೂರ್ನಾಲ್ಕು ದಿನ ಮನೆಯಿಂದ ನೆಂಟರು ಎದ್ದುಹೋದಂಥ ಖಾಲಿತನ ಇರುತ್ತದೆ. ಆಗ ಇನ್ನೊಂದು ಸರಣಿ ಹಿಡಿಯಬೇಡಿ, ಯಾವ ನಾಯಕನೂ ಹಳೆಯವನಿಗೆ ಸಮ ಎನಿಸುವುದಿಲ್ಲ. ಸಣ್ಣಕಥೆ, ಪ್ರವಾಸಕಥನ, ಬೇರೆ ಏನಾದರೂ ಇರಲಿ.

ಸದ್ಯಕ್ಕೆ ನೋಟ್‌ಬುಕ್ಕನ್ನು ಮೊದಲ ಭಾಗದಿಂದ ಶುರುಮಾಡುವ ಹಟ ಬೇಡ. ಮೂರನೆಯ ಭಾಗದಲ್ಲಿ ಮೊದಲ ಸಲ ಮೈ ಉರಿದ ಪುಟ ನಿಮಗೆ ನೆನಪಿದೆ. ಅದಕ್ಕೆ ಹಿಂದಿನ ಎರಡು ಅಧ್ಯಾಯ, ಮುಂದಿನ ಒಂದು, ಈ ವಾರ ಅಷ್ಟನ್ನೇ ಮತ್ತೆ ಓದಿ, ಅಧ್ಯಾಯಕ್ಕೊಂದು ಸಾಲಿನಂತೆ ಗುರುತು ಹಾಕಿ.